ವಿದ್ಯುತ್ ಬ್ರಶ್ಶು: ಕೊಳ್ಳುವ ಮುನ್ನ ನಾಲ್ಕು ಮಾತು

ಮಾವಿನ ಎಲೆಯ ನಡುನಾರನ್ನು ಸೀಳಿ ತೆಗೆದು, ಎಲೆಯನ್ನು ಮಡಚಿ ಹಲ್ಲುಜ್ಜಿದ ತಲೆಮಾರು ನಮ್ಮ ಊರುಗಳಲ್ಲಿ ಇನ್ನೂ ಇದೆ. ಉಮಿಕರಿಗೆ ಉಪ್ಪು ಬೆರೆಸಿ ಬೆರಳಿನಿಂದ ತಿಕ್ಕಿದವರೂ ಇದ್ದಾರೆ. ಅದೇ ಮನೆಗಳ ಬಚ್ಚಲ ಹಲಗೆಯ ಮೇಲೆ ಈಗ ಪುಟ್ಟ ಪೀಠವೊಂದರ ಮೇಲೆ ನೆಟ್ಟಗೆ ನಿಂತ ವಿದ್ಯುತ್ ಬ್ರಶ್ಶು ಕಾಣಸಿಗುತ್ತದೆ. ದುಬಾಯಿಯಿಂದಲೋ ದೋಹಾದಿಂದಲೋ ರಜೆಯಲ್ಲಿ ಬಂದ ಮಗ ತಂದದ್ದು, ಅಮೆರಿಕದಲ್ಲಿರುವ ಅಳಿಯ ಕಳುಹಿಸಿದ್ದು, ಇಲ್ಲವೇ ಮಂಗಳೂರಿಗೆ ಹೋದಾಗ ಅಂಗಡಿಯಾತನ ಮಾತಿಗೆ ಮರುಳಾಗಿ ಕೊಂಡದ್ದು. ಪೆಟ್ಟಿಗೆಯನ್ನೇ ಬಿಚ್ಚದೆ ಕಪಾಟಿನಲ್ಲಿ ಜೋಪಾನವಾಗಿ ಇರಿಸಿದ ಮನೆಗಳೂ ಉಂಟು. ಇದು ಬರೇ ಶೋಕಿಯ ವಸ್ತುವೋ, ನಿಜಕ್ಕೂ ಉಪಯೋಗದ್ದೋ? ಕೊಳ್ಳುವುದಿದ್ದರೆ ನೋಡಬೇಕಾದದ್ದೇನು? ವಾಚಕರಲ್ಲಿ ಹಲವರಿಗೆ ಈ ಪ್ರಶ್ನೆ ಇರುವುದರಿಂದ ಈ ಕುರಿತು ಕೊಂಚ ವಿವರವಾಗಿ ಬರೆಯುವುದು ಅನುಚಿತವಾಗದು ಎಂದು ನಾವು ಭಾವಿಸುತ್ತೇವೆ.

ಮೊದಲಾಗಿ ಒಂದು ವಿಷಯ. ಈ ಸಾಧನ ಹೊಸದೆಂದು ತಿಳಿದವರೇ ಹೆಚ್ಚು. ಆದರೆ ಸ್ವಿಟ್ಜರ್ಲೆಂಡಿನಲ್ಲಿ ಡಾ. ಫಿಲಿಪ್ ಗೀ ವೂಗ್ ಎಂಬವರು ಇದನ್ನು ರೂಪಿಸಿದ್ದು 1954ರಲ್ಲಿ. ಬ್ರೊಕ್ಸೊಡೆಂಟ್ ಎಂಬುದು ಅದರ ಹೆಸರು. 1960ರ ಹೊತ್ತಿಗೆ ಅದು ಅಮೆರಿಕದ ಮಾರುಕಟ್ಟೆಗೆ ಬಂತು. ವಯರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ಅದೇ ಬ್ರಶ್ಶನ್ನು ಬಾಯೊಳಗಿಟ್ಟು ಉಜ್ಜಬೇಕಿತ್ತು ಎಂಬುದನ್ನು ಓದುವಾಗ ಇಂದು ಮೈ ಜುಂ ಎನ್ನುತ್ತದೆ. 1961ರಲ್ಲಿ ಜನರಲ್ ಇಲೆಕ್ಟ್ರಿಕ್ ಕಂಪೆನಿಯವರು ವಯರಿಲ್ಲದ, ಮತ್ತೆ ಮತ್ತೆ ಚಾರ್ಜು ಮಾಡಬಹುದಾದ ಬ್ರಶ್ಶನ್ನು ತಂದರು. ಗಮನಿಸಬೇಕಾದ ಅಂಶವೆಂದರೆ, ವೂಗರ ಬ್ರಶ್ಶು ಆರಂಭದಲ್ಲಿ ಉದ್ದೇಶಿತವಾಗಿದ್ದುದು ಕೈಚಲನೆ ಸರಿ ಇಲ್ಲದ ರೋಗಿಗಳಿಗೆ ಮತ್ತು ಹಲ್ಲಿಗೆ ತಂತಿ ಕಟ್ಟಿಸಿಕೊಂಡವರಿಗೆ. ಶೋಕಿ ಆಮೇಲೆ ಬಂದದ್ದು. ನಮ್ಮ ಮಟ್ಟಿಗೆ ಈ ಬ್ರಶ್ಶಿನ ನಿಜವಾದ ಜಾಗ ಇಂದಿಗೂ ಅಲ್ಲೇ ಇದೆ.

ಪ್ರಯೋಜನ ಎಷ್ಟು?

ಕೈಬ್ರಶ್ಶಿಗಿಂತ ಇದು ಮೇಲೋ ಎಂಬುದಕ್ಕೆ ಸಾಕಷ್ಟು ಪರೀಕ್ಷೆಗಳು ನಡೆದಿವೆ. ಅಂತಹ 56 ಪರೀಕ್ಷೆಗಳನ್ನು ಒಟ್ಟು ಸೇರಿಸಿ ತೂಗಿ ನೋಡಿದ ಕೊಕ್ರೇನ್ ಸಂಸ್ಥೆಯ ವರದಿ 2014ರಲ್ಲಿ ಪ್ರಕಟವಾಯಿತು. ಅದರಂತೆ, ವಿದ್ಯುತ್ ಬ್ರಶ್ಶು ಬಳಸಿದವರಲ್ಲಿ ಹಲ್ಲಿಗಂಟುವ ಕೊಳೆಯ ಪದರ ಮೊದಲ ಮೂರು ತಿಂಗಳೊಳಗೆ ಕೈಬ್ರಶ್ಶಿನವರಿಗಿಂತ ಶೇಕಡಾ 11ರಷ್ಟು, ಮೂರು ತಿಂಗಳ ಬಳಿಕ ಶೇಕಡಾ 21ರಷ್ಟು ಕಡಿಮೆ ಕಂಡುಬಂದಿದೆ. ವಸಡಿನ ಉರಿಯೂತ ಕ್ರಮವಾಗಿ ಶೇಕಡಾ 6 ಮತ್ತು 11ರಷ್ಟು ಕಡಿಮೆ. ಪ್ರಯೋಜನ ಇದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಜಾಹೀರಾತಿನಲ್ಲಿ ಕಾಣುವ ಪವಾಡ ಮಾತ್ರ ಇದಲ್ಲ. ಮೃದು ಬ್ರಶ್ಶು ಹಿಡಿದು, ಎರಡು ನಿಮಿಷ, ದಿನಕ್ಕೆರಡು ಬಾರಿ, ವಸಡಿನ ಅಂಚಿನವರೆಗೆ ತಾಳ್ಮೆಯಿಂದ ಉಜ್ಜುವ ಅಭ್ಯಾಸ ಇರುವವರು, ದಂತವೈದ್ಯರಲ್ಲಿ ಒಳ್ಳೆಯ ಮಾತು ಕೇಳಿ ಬರುವವರು, ಸಾವಿರಾರು ರೂಪಾಯಿ ತೆತ್ತು ಇದನ್ನು ಕೊಳ್ಳಲೇಬೇಕೆಂದಿಲ್ಲ.

ಹಾಗಾದರೆ ಯಾರಿಗೆ ಬೇಕು? ಬೆರಳ ಗಂಟುಗಳಲ್ಲಿ ಸಂಧಿವಾತ ಇರುವವರಿಗೆ ತೆಳ್ಳಗಿನ ಬ್ರಶ್ಶಿನ ಹಿಡಿ ನಿಲ್ಲುವುದಿಲ್ಲ. ಇದರ ದಪ್ಪ ಹಿಡಿ ಅಂಗೈಗೆ ಸರಿಯಾಗಿ ಕೂರುತ್ತದೆ. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುವವರು, ಪಕ್ಷವಾತವಾಗಿ ಬಲಗೈ ಹೋಗಿ ಎಡಗೈಯಲ್ಲೇ ಎಲ್ಲ ಮಾಡಬೇಕಾದವರು, ಇವರಿಗೆ ಉಜ್ಜುವ ಕೆಲಸವನ್ನು ಯಂತ್ರವೇ ಮಾಡಿದರೆ ಅದು ದೊಡ್ಡ ಉಪಕಾರ. ಸಿಹಿಮೂತ್ರ ರೋಗ ಉಳ್ಳವರಿಗೆ ವಸಡಿನ ಕಾಯಿಲೆ ಬೇಗ ಬರುತ್ತದೆ, ಬಂದದ್ದು ಬೇಗ ಹೋಗುವುದಿಲ್ಲ. ಅವರ ಕೈ ಚುರುಕಿಲ್ಲದಿದ್ದರೆ ಅವರೂ ಯೋಚಿಸಬಹುದು. ಇನ್ನೊಂದು ವರ್ಗವಿದೆ: ಪಾತ್ರೆ ತಿಕ್ಕುವಂತೆ ಅಡ್ಡಡ್ಡ ಬಲವಾಗಿ ತಿಕ್ಕುವವರು. ಹಾಗೆ ವರ್ಷಗಟ್ಟಲೆ ತಿಕ್ಕಿದರೆ ವಸಡು ಮೇಲಕ್ಕೆ ಸರಿದು, ಹಲ್ಲಿನ ಬುಡದಲ್ಲಿ ಗಾಡಿ ಬೀಳುತ್ತದೆ. ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ. ಉಮಿಕರಿ ಬಳಸಿದವರಲ್ಲೂ ಈ ಸವೆತ ಕಾಣುವುದಿದೆ. ಒತ್ತಡ ಹೆಚ್ಚಾದಾಗ ಎಚ್ಚರಿಸುವ ಬ್ರಶ್ಶು ಇಂತಹವರಿಗೆ ಒಳ್ಳೆಯ ಮೇಷ್ಟ್ರು.

ನಮ್ಮ ಜಿಲ್ಲೆಯ ಮಟ್ಟಿಗೆ ಇನ್ನೊಂದು ಸಂಗತಿಯನ್ನು ಪ್ರಸ್ತಾಪಿಸದೆ ಇರಲಾಗದು. 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಗೇರುತೋಟಗಳ ಆಸುಪಾಸಿನಲ್ಲಿ, ಎಣ್ಮಕಜೆಯಂತಹ ಗ್ರಾಮಗಳಲ್ಲಿ, ಮಕ್ಕಳಾಗಿದ್ದಾಗಲೇ ಹಾಸಿಗೆ ಹಿಡಿದವರು ಈಗ ಪ್ರಾಯಕ್ಕೆ ಬಂದಿದ್ದಾರೆ. ಅವರ ಹಲ್ಲುಜ್ಜುವ ಕೆಲಸ ಇಂದಿಗೂ ತಾಯಂದಿರದ್ದೇ. ಆ ತಾಯಂದಿರಿಗೂ ವಯಸ್ಸಾಗಿದೆ. ಇನ್ನೊಬ್ಬರ ಬಾಯಿಯಲ್ಲಿ ಕೈಬ್ರಶ್ಶನ್ನು ಆಡಿಸುವುದು ಎಷ್ಟು ಕಷ್ಟವೆಂಬುದು ಮಾಡಿದವರಿಗೇ ಗೊತ್ತು. ಚಿಕ್ಕ ತಲೆಯ ವಿದ್ಯುತ್ ಬ್ರಶ್ಶನ್ನು ಹಲ್ಲಿನ ಮೇಲೆ ಸುಮ್ಮನೆ ಹಿಡಿದು ಸರಿಸುತ್ತಾ ಹೋದರೆ ಸಾಕಾಗುವುದರಿಂದ ಅವರ ಅರ್ಧ ಶ್ರಮ ಕಡಿಮೆಯಾದೀತು. ಆದರೆ ಕಂಪನಕ್ಕೆ ರೋಗಿ ಹೆದರುವುದಿದೆ. ಮೊದಲ ಕೆಲವು ದಿನ ಅಂಗೈಗೆ, ಕೆನ್ನೆಗೆ ತಾಗಿಸಿ ರೂಢಿ ಮಾಡಿಸಬೇಕು. ತಲೆಯನ್ನು ಎತ್ತರಿಸಿಯೋ ಒಂದು ಮಗ್ಗುಲಿಗೆ ಮಲಗಿಸಿಯೋ, ಕಡಲೆಯಷ್ಟು ಪೇಸ್ಟಿನಲ್ಲಿ ಉಜ್ಜಬೇಕು. ಅಂಗಾತ ಮಲಗಿಸಿ ಉಜ್ಜಿದರೆ ನೊರೆ ಶ್ವಾಸನಾಳಕ್ಕೆ ಇಳಿದೀತು. ನುಂಗಲು ಕಷ್ಟವಿರುವವರ ಬಗ್ಗೆ ಡಾಕ್ಟರರಲ್ಲಿ ಕೇಳಿಯೇ ತೊಡಗುವುದು ಕ್ಷೇಮ. ಕಚ್ಚುವ ಅಭ್ಯಾಸವಿರುವವರಾದರೆ ಬ್ರಶ್ಶಿನ ತಲೆ ಸಡಿಲವಾಗಿಲ್ಲವೆಂದು ದಿನವೂ ನೋಡಿಕೊಳ್ಳಬೇಕು. ಇಂತಹ ಮನೆಗಳಿಗೆ ಯುವಕ ಸಂಘಗಳವರು, ಊರಿನ ದಾನಿಗಳು ಒಂದೊಂದು ಬ್ರಶ್ಶು ಕೊಡಿಸುವುದಾದರೆ, ತಲೆಗಳನ್ನೂ ವರ್ಷ ವರ್ಷ ಕೊಡಿಸುವ ಏರ್ಪಾಡು ಮಾಡಿಯೇ ಕೊಡಿಸಲಿ.

ಎರಡು ಜಾತಿ

ಪೇಟೆಯಲ್ಲಿ ಹೆಸರುಗಳು ಹತ್ತಾರಿದ್ದರೂ ಮುಖ್ಯವಾಗಿ ಜಾತಿ ಎರಡೇ. ಒಂದರ ತಲೆ ದುಂಡಗೆ, ಪಾವಲಿಯಷ್ಟು ಚಿಕ್ಕದು. ಅದು ಅತ್ತಿತ್ತ ಅರೆಸುತ್ತು ತಿರುಗುತ್ತದೆ. 1991ರಲ್ಲಿ ಬ್ರೌನ್ ಓರಲ್-ಬಿಯವರು ಬಳಕೆಗೆ ತಂದ ಕ್ರಮ ಇದು. ಇನ್ನೊಂದರ ತಲೆ ಸಾಮಾನ್ಯ ಬ್ರಶ್ಶಿನಂತೆಯೇ ಉದ್ದ. ಅದು ವೇಗವಾಗಿ ಕಂಪಿಸುತ್ತದೆ. ಇದನ್ನು ಸೋನಿಕ್ ಎನ್ನುತ್ತಾರೆ. 1992ರಲ್ಲಿ ಅಮೆರಿಕದಲ್ಲಿ ಸೋನಿಕೇರ್ ಎಂಬ ಹೆಸರಿನಲ್ಲಿ ಹೊರಬಂದ ಇದು 2000ದಲ್ಲಿ ಫಿಲಿಪ್ಸ್ ಕಂಪೆನಿಯ ಪಾಲಾಯಿತು. ನಿಮಿಷಕ್ಕೆ 31,000 ಎಂದು ಪೆಟ್ಟಿಗೆಯ ಮೇಲೆ ಕಾಣುವ ದೊಡ್ಡ ಅಂಕಿಯಿಂದ ಯಾರೂ ಬೆರಗಾಗಬೇಕಿಲ್ಲ. ಸೆಕೆಂಡಿಗೆ ಸುಮಾರು 260 ಬಾರಿ ಅತ್ತಿತ್ತ ಅಲುಗಿದಾಗ, ಹೋದದ್ದನ್ನೂ ಬಂದದ್ದನ್ನೂ ಬೇರೆ ಬೇರೆ ಎಣಿಸಿದರೆ ಆಗುವ ಲೆಕ್ಕ ಅದು.

ಯಾವುದು ಮೇಲು? ತಿರುಗುವ ಜಾತಿಯ ಪರವಾಗಿ ಹೆಚ್ಚು ಪುರಾವೆ ಇದೆ ಎಂದು ಮೇಲೆ ಹೇಳಿದ ವರದಿ ತಿಳಿಸುತ್ತದಾದರೂ ಎರಡರ ನಡುವಣ ಅಂತರ ಅಲ್ಪ. ನಮ್ಮ ಅಭಿಪ್ರಾಯ ಹೀಗೆ: ಹಿಂದಣ ದವಡೆಹಲ್ಲಿಗೆ ತಲುಪಲು, ಇನ್ನೊಬ್ಬರಿಗೆ ಉಜ್ಜಲು ದುಂಡುತಲೆ ಅನುಕೂಲ. ಅದು ಒಂದೊಂದೇ ಹಲ್ಲನ್ನು ಹಿಡಿದು ಸಾಗಬೇಕಾದ್ದರಿಂದ ಗಮನ ಬೇಕು, ಸದ್ದೂ ಕೊಂಚ ಜಾಸ್ತಿ. ಹಳೆಯ ಬ್ರಶ್ಶಿನ ರೂಢಿ ಬಿಡಲು ಮನಸ್ಸಿಲ್ಲದವರಿಗೆ, ವಸಡು ನೋಯುವವರಿಗೆ ಉದ್ದತಲೆ ಹಿತ. ಬೆಲೆ ಕಡಿಮೆ ಎಂದು ಸಾಮಾನ್ಯ ಪೆನ್ಸಿಲ್ ಸೆಲ್ಲು ಹಾಕುವ ಬ್ರಶ್ಶು ಕೊಳ್ಳುವವರಿದ್ದಾರೆ. ಸೆಲ್ಲು ಇಳಿದಂತೆ ವೇಗವೂ ಇಳಿಯುತ್ತದೆ, ಬಳಸುವವರಿಗೆ ಅದು ತಿಳಿಯುವುದೇ ಇಲ್ಲ. ಪ್ರವಾಸಕ್ಕೆ ಅಡ್ಡಿಯಿಲ್ಲ, ನಿತ್ಯಕ್ಕೆ ನಾವು ಶಿಫಾರಸು ಮಾಡುವುದಿಲ್ಲ.

ಬೆಲೆ ಕೆಲವು ನೂರು ರೂಪಾಯಿಯಿಂದ ತೊಡಗಿ ಹತ್ತು ಸಾವಿರವನ್ನೂ ದಾಟುತ್ತದೆ. ಹೆಚ್ಚು ಬೆಲೆಗೆ ಸಿಗುವುದೇನು? ಐದಾರು ಬಗೆಯ ವೇಗ, ಬಣ್ಣದ ದೀಪ, ಮೊಬೈಲು ಫೋನಿಗೆ ಸಂಪರ್ಕ, ಪ್ರಯಾಣದ ಪೆಟ್ಟಿಗೆ. ಹಲ್ಲುಜ್ಜುವುದನ್ನು ಫೋನಿನಲ್ಲಿ ನೋಡುತ್ತಾ ಕೂರುವ ಪುರುಸೊತ್ತು ಇರುವವರು ತೆಗೆದುಕೊಳ್ಳಲಿ. ಬೇಕಾದುದು ನಿಜವಾಗಿ ಎರಡೇ. ಎರಡು ನಿಮಿಷಕ್ಕೆ ನಿಲ್ಲುವ, ಮೂವತ್ತು ಸೆಕೆಂಡಿಗೊಮ್ಮೆ ತುಸು ತಡೆದು ಬಾಯಿಯ ಮುಂದಿನ ಭಾಗಕ್ಕೆ ಸರಿಯಲು ಹೇಳುವ ಗಡಿಯಾರ ಒಂದು. ಒತ್ತಿ ಹಿಡಿದರೆ ಕೆಂಪು ದೀಪದಿಂದಲೋ ಸದ್ದಿನ ವ್ಯತ್ಯಾಸದಿಂದಲೋ ಎಚ್ಚರಿಸುವ ವ್ಯವಸ್ಥೆ ಇನ್ನೊಂದು. ಮೊದಲನೆಯದು ಅಗ್ಗದವುಗಳಲ್ಲೂ ಇರುತ್ತದೆ. ಎರಡನೆಯದಕ್ಕಾಗಿ ಸ್ವಲ್ಪ ಹೆಚ್ಚು ಕೊಟ್ಟರೆ ನಷ್ಟವಿಲ್ಲ.

ತಲೆಯ ಲೆಕ್ಕ

ಹೆಚ್ಚಿನವರು ಎಡವುವುದು ಇಲ್ಲಿ. ಕೊಳ್ಳುವಾಗ ಹಿಡಿಯ ಬೆಲೆ ನೋಡುತ್ತಾರೆ, ತಲೆಯ ಬೆಲೆ ನೋಡುವುದಿಲ್ಲ. ಬ್ರಶ್ಶಿನ ತಲೆಯನ್ನು ಮೂರು ತಿಂಗಳಿಗೊಮ್ಮೆ, ಎಳೆಗಳು ಅದಕ್ಕೂ ಮೊದಲೇ ಕೆದರಿದರೆ ಆಗಲೇ ಬದಲಿಸಬೇಕು. ಅಂದರೆ ವರ್ಷಕ್ಕೆ ನಾಲ್ಕು. ಉದಾಹರಣೆಗೆ, ಒಂದಕ್ಕೆ 300 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 1,200, ಐದು ವರ್ಷಕ್ಕೆ 6,000 ರೂಪಾಯಿ. ಎರಡು ಸಾವಿರದ ಬ್ರಶ್ಶಿಗೆ ಆರು ಸಾವಿರದ ತಲೆ! ಗಂಡ ಹೆಂಡತಿ ಹಿಡಿ ಒಂದನ್ನೇ ಇಟ್ಟುಕೊಂಡು ತಲೆ ಬೇರೆ ಬೇರೆ ಬಳಸಲು ಅಡ್ಡಿಯಿಲ್ಲ. ಆದರೆ ತಲೆಯ ಖರ್ಚು ಇಮ್ಮಡಿ. ಒಂದು ಕಂಪೆನಿಯ ತಲೆ ಇನ್ನೊಂದಕ್ಕೆ ಕೂರುವುದಿಲ್ಲ. ಒಂದೇ ಕಂಪೆನಿಯ ಬೇರೆ ಮಾದರಿಗಳಿಗೂ ಕೆಲವೊಮ್ಮೆ ಕೂರುವುದಿಲ್ಲ. ಆದುದರಿಂದ ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ, ಅಂಚೆ ಮೂಲಕವೋ ತಲೆ ಸಿಗುತ್ತದೆಯೇ ಎಂಬುದನ್ನು ಮೊದಲು ವಿಚಾರಿಸಿ, ಬ್ರಶ್ಶನ್ನು ಆಮೇಲೆ ಆರಿಸುವುದು ಜಾಣತನ. ತಲೆ ಸಿಗದೆ ಹಿಡಿ ಮಾತ್ರ ಉಳಿದರೆ ಅದು ಹಿಡಿಯಿಲ್ಲದ ಕತ್ತಿಗಿಂತಲೂ ಕಡೆ. ಎಳೆಗಳು ಮೃದುವಾಗಿರಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ವಿದೇಶದಿಂದ ಬಂದ ಬ್ರಶ್ಶಿನ ಸಮಸ್ಯೆ ಬೇರೆ. ಗಲ್ಫಿನ ಯು.ಎ.ಇ., ಕತಾರ್ ಕಡೆಯ ವಿದ್ಯುತ್ತು ನಮ್ಮಂತೆಯೇ 230-240 ವೋಲ್ಟಿನದ್ದಾದ್ದರಿಂದ ಪ್ಲಗ್ಗಿನ ಆಕಾರ ಹೊಂದಿಸಿಕೊಂಡರೆ ಸಾಕು. ಅಮೆರಿಕದ್ದು 120 ವೋಲ್ಟು. ಅಲ್ಲಿಂದ ಬಂದ ಚಾರ್ಜರಿನ ಅಡಿಯಲ್ಲಿ 100-240 ಎಂದು ಬರೆದಿದ್ದರೆ ತೊಂದರೆಯಿಲ್ಲ. ಬರೇ 100-120 ಅಥವಾ 110-130 ಎಂದಿದ್ದರೆ ನಮ್ಮ ಗೋಡೆಗೆ ಸಿಕ್ಕಿಸಲೇ ಕೂಡದು. ಅಕ್ಷರ ತೀರಾ ಸಣ್ಣದು, ಭೂತಕನ್ನಡಿ ಹಿಡಿದಾದರೂ ಓದಬೇಕು.

ಬೇಟರಿಯಲ್ಲಿ ಲಿತಿಯಂ ಬಗೆಯದು ಉತ್ತಮ. ಒಮ್ಮೆ ಚಾರ್ಜು ಮಾಡಿದರೆ ಸಾಮಾನ್ಯವಾಗಿ ಎರಡು ವಾರ ಬರುತ್ತದೆ. ಅಗ್ಗದ ಬ್ರಶ್ಶುಗಳಲ್ಲಿರುವ ನಿಕ್ಕಲ್ ಬಗೆಯ ಬೇಟರಿ ತುಂಬಲು ಒಂದು ರಾತ್ರಿಯೇ ಬೇಕು, ಬರುವುದು ಕಡಿಮೆ ದಿನ. ಹಿಡಿಯಲ್ಲಿ ಲೋಹದ ಮೊಳೆ ಕಾಣದೆ ಚಾರ್ಜು ಆಗುವುದು ಹೇಗೆ ಎಂದು ಕೇಳುವವರಿದ್ದಾರೆ. ಪೀಠದಲ್ಲೊಂದು, ಹಿಡಿಯಲ್ಲೊಂದು ತಂತಿಯ ಸುರುಳಿ ಇದ್ದು, ಒಂದರ ಕಾಂತಕ್ಷೇತ್ರದಿಂದ ಇನ್ನೊಂದರಲ್ಲಿ ವಿದ್ಯುತ್ತು ಹುಟ್ಟುತ್ತದೆ, ಟ್ರಾನ್ಸ್‌ಫಾರ್ಮರಿನ ತತ್ವವೇ. ನೀರು ಒಳಹೊಗಲು ದಾರಿ ಇರಬಾರದೆಂದು ಈ ಉಪಾಯ. ಐಪಿಎಕ್ಸ್ 7 ಎಂದು ನಮೂದಿಸಿದ ಹಿಡಿ ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಬಾಳುತ್ತದೆ. ಈ ಮಾತು ಹಿಡಿಗೆ ಮಾತ್ರ ಅನ್ವಯ, ಗೋಡೆಗೆ ಸಿಕ್ಕಿಸಿದ ಪೀಠಕ್ಕಲ್ಲ. ಪೀಠವನ್ನು ಬಚ್ಚಲಿನಿಂದ ಹೊರಗೆ ಒಣಜಾಗದಲ್ಲಿಡಿ. ತುಲಾಮಳೆಯ ಗುಡುಗು ಮಿಂಚಿಗೆ ನಮ್ಮ ಕಡೆ ಟಿ.ವಿ., ಫೋನು ಸುಡುವುದು ಎಲ್ಲರಿಗೂ ಗೊತ್ತಿರುವುದೇ. ಚಾರ್ಜರನ್ನೂ ಆಗ ಕಿತ್ತಿಡಬೇಕು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಬಳಸುವ ಮುನ್ನ ತಮ್ಮ ಡಾಕ್ಟರರಲ್ಲಿ ಕೇಳಬೇಕು.

ಬಳಸುವ ಕ್ರಮ ಸುಲಭ. ಬ್ರಶ್ಶನ್ನು ಬಾಯೊಳಗಿಟ್ಟ ಮೇಲೆಯೇ ಗುಂಡಿ ಒತ್ತಿ, ಇಲ್ಲವಾದರೆ ಪೇಸ್ಟು ಕನ್ನಡಿಗೆ ಹಾರುತ್ತದೆ. ತಿಕ್ಕಬೇಡಿ. ವಸಡು ಹಲ್ಲು ಕೂಡುವಲ್ಲಿ ತುಸು ಓರೆಯಾಗಿ ಹಿಡಿದು, ಎರಡು ಮೂರು ಸೆಕೆಂಡು ನಿಲ್ಲಿಸಿ, ಮುಂದಿನ ಹಲ್ಲಿಗೆ ಸರಿಯಿರಿ; ಒಳಬದಿಯನ್ನು ಮರೆಯಬೇಡಿ. ಮೊದಲ ಕೆಲವು ದಿನ ವಸಡಿನಲ್ಲಿ ರಕ್ತ ಕಂಡರೆ ಗಾಬರಿಯಿಲ್ಲ, ಎರಡು ವಾರ ಕಳೆದರೂ ನಿಲ್ಲದಿದ್ದರೆ ದಂತವೈದ್ಯರಿಗೆ ತೋರಿಸಿ. ಹಲ್ಲಿನ ಸಂದಿಗೆ ಯಾವ ಬ್ರಶ್ಶಿನ ಎಳೆಯೂ ಹೋಗದು. ಅದಕ್ಕೆ ನೂಲೋ ಸಂದಿಬ್ರಶ್ಶೋ ಬೇಕು. ಗಟ್ಟಿಯಾಗಿ ಕೂತ ಕಿಟ್ಟವನ್ನು, ವೀಳ್ಯದ ಕೆಂಪನ್ನು ಹತ್ತು ಸಾವಿರದ ಬ್ರಶ್ಶೂ ತೆಗೆಯದು. ಎಲೆಯಡಿಕೆ ಜಗಿಯುವವರು ಬಾಯಿಯಲ್ಲಿ ಬಿಳಿ ಮಚ್ಚೆ, ಮಾಯದ ಹುಣ್ಣು, ಬಾಯಿ ಅಗಲಿಸಲು ಬಿಗಿತ ಕಂಡರೆ ಬ್ರಶ್ಶಿನ ಯೋಚನೆ ಬಿಟ್ಟು ಮೊದಲು ಡಾಕ್ಟರರನ್ನು ಕಾಣಬೇಕು.

ಕೊನೆಗೆ, ಹಳತಾದ ಬ್ರಶ್ಶಿನ ಬೇಟರಿಯನ್ನು ಮನೆಯಲ್ಲಿ ಬದಲಿಸಲು ಸಾಮಾನ್ಯವಾಗಿ ಆಗುವುದಿಲ್ಲ, ಹಿಡಿಯನ್ನೇ ಬಿಸಾಡಬೇಕಾಗುತ್ತದೆ. ತೋಟದ ಮೂಲೆಗೆ ಎಸೆಯುವುದು, ಕಸದೊಂದಿಗೆ ಸುಡುವುದು ಎರಡೂ ಅಪಾಯ. ಬಿಸಿಗೆ ಲಿತಿಯಂ ಬೇಟರಿ ಸಿಡಿಯುತ್ತದೆ. ಮನೆಗೆ ಬರುವ ಹರಿತಕರ್ಮಸೇನೆಯವರಲ್ಲಿ ಇ-ತ್ಯಾಜ್ಯವನ್ನು ಯಾವಾಗ ಸಂಗ್ರಹಿಸುತ್ತಾರೆಂದು ಕೇಳಿ, ಅಲ್ಲಿಯ ತನಕ ತೆಗೆದಿಡಬೇಕು.