ನವಿಲುತೀರ್ಥದ ಗೇಟ್ ತೆರೆದ್ರ ರಾಮದುರ್ಗಕ್ಕ ಯಾಕ ಚಿಂತಿ?

ಮಳೆಗಾಲ ಬಂತಂದ್ರ ನಮ್ಮ ಕಡೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡ್ತದ: ನವಿಲುತೀರ್ಥದ ಒಳಹರಿವು ಇಷ್ಟು, ಹೊರಹರಿವು ಇಷ್ಟು ಕ್ಯೂಸೆಕ್. ಫಾರ್ವರ್ಡ್ ಎಲ್ಲಾರೂ ಮಾಡ್ತೀವಿ. ಆದ್ರ ಅದನ್ನ ಓದೋದು ಹೆಂಗ?

ನವಿಲುತೀರ್ಥ ಸವದತ್ತಿ ಹತ್ತಿರದ ಸಣ್ಣ ಜಾಗ. ಇಲ್ಲಿ ಮಲಪ್ರಭಾ ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯಲ್ಲಿ ಹಾದು ಹೋಗುತ್ತದೆ. 1970ರ ದಶಕದ ಆರಂಭದಲ್ಲಿ ಅಲ್ಲೇ ಅಣೆಕಟ್ಟು ಪೂರ್ಣಗೊಂಡಿತು. ಅದರ ಹಿಂದೆ ನಿಂತ ನೀರೇ ರೇಣುಕಾ ಸಾಗರ. ಹುಬ್ಬಳ್ಳಿ-ಧಾರವಾಡಕ್ಕ ಕುಡಿಯೋ ನೀರು ಹೋಗೋದೂ ಇಲ್ಲಿಂದಲೇ.

ನದಿ ಹುಟ್ಟೋದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಕಿತ್ತೂರು ಕಡೆಯ ಎಂ.ಕೆ. ಹುಬ್ಬಳ್ಳಿ, ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿ ದಾಟಿ ಡ್ಯಾಮಿಗೆ ಬರ್ತದ. ಡ್ಯಾಮ್ ಕೆಳಗೆ ಮುನವಳ್ಳಿ, ಆಮೇಲೆ ರಾಮದುರ್ಗ. ಅಂದ್ರ ರಾಮದುರ್ಗದಾಗ ಬಿಸಿಲು ಬಿದ್ದಿದ್ರೂ ಘಟ್ಟದ ಮಳೆ ಅಲ್ಲಿಗೆ ಪ್ರವಾಹ ತರಬಹುದು.

ಈಗ ಲೆಕ್ಕ. ನಾನು ಕಾಮರ್ಸ್ ಓದಿದವ, ನನಗೆ ಡ್ಯಾಮ್ ಅಂದ್ರ ಬ್ಯಾಂಕ್ ಖಾತೆ ಇದ್ದಂಗ. ಒಳಹರಿವು ಜಮಾ, ಹೊರಹರಿವು ಖರ್ಚು. ಆದ್ರ ಈ ಖಾತೆಗೆ ಮಿತಿ ಐತಿ: 37.73 ಟಿಎಂಸಿ. ಒಂದು ಕ್ಯೂಸೆಕ್ ಅಂದ್ರ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. 11,574 ಕ್ಯೂಸೆಕ್ ನೀರು ಇಡೀ ದಿನ ಹರಿದ್ರ ಒಂದು ಟಿಎಂಸಿ.

ಉದಾಹರಣೆಗೆ, ಡ್ಯಾಮಿನಲ್ಲಿ 35 ಟಿಎಂಸಿ ಐತಿ, ಒಳಹರಿವು 30,000 ಕ್ಯೂಸೆಕ್ ಅಂತ ಇಟ್ಕೊಳ್ರಿ. ಗೇಟ್ ತೆರೆಯದಿದ್ರ ಒಂದೇ ದಿನದಾಗ ಹೆಚ್ಚುಕಡಿಮೆ ತುಂಬ್ತದ. ಅದಕ್ಕೇ ಪೂರ್ತಿ ತುಂಬೋ ಮೊದಲೇ ನೀರು ಬಿಡೋದು.

2019ರ ಆಗಸ್ಟ್‌ನಲ್ಲಿ ಡ್ಯಾಮ್ ತುಂಬಿ, ಬಿಟ್ಟ ನೀರು ಮುನವಳ್ಳಿ, ರಾಮದುರ್ಗದ ಮನೆಗಳಿಗೆ ನುಗ್ಗಿತು. ಅದಕ್ಕೂ ಮೊದಲು ಹಲವು ವರ್ಷ ಕೆಳಗಿನ ನದಿಯಲ್ಲಿ ನೀರೇ ಕಡಿಮೆ. ದಂಡೆವರೆಗೂ ಹೊಲ ಬಂದಿದ್ದವು, ಪಾತ್ರ ಕಿರಿದಾಗಿತ್ತು. ನದಿ ಬಡವಾಗಿ ಕಂಡ್ರ ಅದರ ಜಾಗ ಖಾಲಿ ಐತಿ ಅಂತ ಅಲ್ಲ.

ಹಾಗಾಗಿ ಮುಂದಿನ ಸಲ ಮೆಸೇಜ್ ಬಂದಾಗ ಮೂರು ಸಂಖ್ಯೆ ನೋಡ್ರಿ: ತುಂಬಾಕ ಎಷ್ಟು ಬಾಕಿ, ಎಷ್ಟು ಬರ್ತದ, ಎಷ್ಟು ಬಿಡ್ತಾರ. ತಾರೀಖೂ ನೋಡ್ರಿ, ಹಳೇ ಮೆಸೇಜ್ ಇದ್ರ ಫಾರ್ವರ್ಡ್ ಮಾಡಬ್ಯಾಡ್ರಿ. ದಂಡಿ ಮ್ಯಾಲೆ ಇರೋ ಅಜ್ಜ-ಅಜ್ಜಿಗೆ ಫೋನ್ ಹಚ್ಚಿ ಹೇಳ್ರಿ. ದನ, ರೇಷನ್ ಕಾರ್ಡ್, ಹೊಲದ ಕಾಗದ ಮೇಲೆ ಸಾಗಿಸಾಕ ಅವರಿಗೆ ಹಗಲು ಹೊತ್ತು ಸಿಗಬೇಕು.