ಎಳೆಯ ಎಣಿಕೆ, ಗಳಿಗೆಯ ಎಣಿಕೆ

ನನ್ನ ಊರು ಅಂಕಲಗಿ. ಬೆಳಗಾವಿಯಿಂದ ಗೋಕಾಕಕ್ಕೆ ಹೋಗುವ ದಾರಿಯಲ್ಲಿದೆ. ಗೋಕಾಕದ ಸೀಮೆಯೆಂದೊಡನೆ ಜನರಿಗೆ ಜಲಪಾತ ನೆನಪಾಗುತ್ತದೆ, ಕರದಂಟು ನೆನಪಾಗುತ್ತದೆ, ಬಣ್ಣದ ಗೊಂಬೆಗಳು ನೆನಪಾಗುತ್ತವೆ. ಕಸೂತಿಯೆಂದರೆ ಮಾತ್ರ ಧಾರವಾಡ, ಹುಬ್ಬಳ್ಳಿಗಳ ಹೆಸರೇ ಮೊದಲು ಬಾಯಿಗೆ ಬರುವುದು. ಆದರೆ ನಮ್ಮ ಭಾಗದ ಹಳೆಯ ಮನೆಗಳ ಟ್ರಂಕುಗಳಲ್ಲಿಯೂ ಕಸೂತಿಯ ಸೀರೆಗಳಿದ್ದವು. ನನ್ನ ಅವ್ವನ ಟ್ರಂಕಿನಲ್ಲಿ ಇಂಥದೊಂದು ಸೀರೆ ಇದೆ. ಕಪ್ಪು ಮೈಯ ಚಂದ್ರಕಾಳಿ ಸೀರೆ. ಸೆರಗಿನ ಬದಿಯಲ್ಲಿ ತೇರು, ಅಂಬಾರಿ ಹೊತ್ತ ಆನೆ, ತುಳಸಿಯ ವೃಂದಾವನ, ತೊಟ್ಟಿಲು. ಸೆರಗಿನ ಹತ್ತಿರ ದೊಡ್ಡವಾಗಿರುವ ಚಿತ್ರಗಳು ದೂರ ಸರಿದಂತೆ ಚಿಕ್ಕವಾಗುತ್ತ ಹೋಗಿ ಕೊನೆಗೆ ಚುಕ್ಕೆಯಂಥ ಹೂಗಳಾಗಿ ಮುಗಿಯುತ್ತವೆ.

ಬಾನುಲಿಯ ಮಾತಿನಲ್ಲಿ ಬಟ್ಟೆಯನ್ನು ತೋರಿಸಲು ಬರುವುದಿಲ್ಲ. ಕೇಳುಗರು ಮನಸ್ಸಿನಲ್ಲಿಯೇ ಒಂದು ಚೌಕುಳಿ ಹಾಳೆಯನ್ನು ಮುಂದಿಟ್ಟುಕೊಳ್ಳಬೇಕು. ಏಕೆಂದರೆ ಕಸೂತಿಯೆಲ್ಲ ಆ ಚೌಕುಳಿಯ ಮೇಲೆಯೇ ನಡೆಯುವಂಥದು. ಬಟ್ಟೆಯ ಹಾಸು ಹೊಕ್ಕುಗಳೇ ಅದರ ಗೆರೆಗಳು. ಹೆಣಿಗೆಯವಳು ಸೀಸದಕಡ್ಡಿಯಿಂದ ಚಿತ್ರ ಬರೆದುಕೊಳ್ಳುವುದಿಲ್ಲ, ಅಚ್ಚು ಒತ್ತಿಕೊಳ್ಳುವುದಿಲ್ಲ. ಎಳೆಗಳನ್ನು ಎಣಿಸುತ್ತಾಳೆ, ಇಷ್ಟು ಎಳೆ ಬಿಟ್ಟು ಸೂಜಿ ಚುಚ್ಚುತ್ತಾಳೆ, ಅಷ್ಟೇ ಎಳೆ ಬಿಟ್ಟು ಮೇಲೆತ್ತುತ್ತಾಳೆ.

ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳುಂಟು. ಗವಂತಿ ಮೊದಲನೆಯದು. ಗಂಟು ಎಂಬ ಮಾತಿನಿಂದ ಈ ಹೆಸರು ಬಂದಿತೆನ್ನುವರು. ಹಾಗಿದ್ದರೆ ವಿನೋದವೇ ಸರಿ, ಏಕೆಂದರೆ ಗವಂತಿಯಲ್ಲಿ ಗಂಟು ಹಾಕುವಂತಿಲ್ಲ. ಹೋಗುವಾಗ ಒಂದು ಮನೆ ಬಿಟ್ಟು ಒಂದು ಮನೆ ಹೊಲಿಯುತ್ತ ಹೋಗಬೇಕು. ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತ ಬರಬೇಕು. ಆಗ ಬಟ್ಟೆಯ ಎರಡು ಮಗ್ಗುಲಲ್ಲಿಯೂ ಒಂದೇ ಚಿತ್ರ ಮೂಡುತ್ತದೆ. ಇದನ್ನೇ ಮೆಟ್ಟಿಲು ಮೆಟ್ಟಿಲಾಗಿ ಹಾಕಿದರೆ ಮುರ್ಗಿ. ನೇಗಿ ಎಂದರೆ ನೇಯ್ಗೆ. ಉದ್ದಗಿಡ್ಡ ಹೊಲಿಗೆಗಳು ಸಾಲಾಗಿ ಕೂತು ನೇಯ್ದಂತೆಯೇ ಕಾಣುವುದರಿಂದ ಆ ಹೆಸರು. ಮೆಂತಿ ಎಂದರೆ ಮೆಂತ್ಯದ ಕಾಳು. ಅಡ್ಡಡ್ಡ ಕೂಡುವ ಚಿಕ್ಕ ಹೊಲಿಗೆ. ಕೊನೆಯ ಎರಡರಲ್ಲಿ ಹಿಂಬದಿಯು ಮುಂಬದಿಯಂತೆ ಇರುವುದಿಲ್ಲ. ಯುರೋಪಿನಲ್ಲಿಯೂ ಗವಂತಿಯಂಥ ಹೊಲಿಗೆ ಇದ್ದಿತು. ಹದಿನಾರನೆಯ ಶತಮಾನದ ಚಿತ್ರಕಾರ ಹೋಲ್‌ಬೈನ್ ಬರೆದ ಭಾವಚಿತ್ರಗಳಲ್ಲಿ ತೋಳಿನ ಅಂಚಿಗೆ ಈ ಕೆಲಸ ಎದ್ದು ಕಾಣುವುದರಿಂದ ಅಲ್ಲಿ ಅದಕ್ಕೆ ಅವನ ಹೆಸರೇ ನಿಂತಿದೆ. ಹೊಲಿದ ಕೈಗಳ ಹೆಸರು ಅಲ್ಲಿಯೂ ಉಳಿಯಲಿಲ್ಲ, ಇಲ್ಲಿಯೂ ಉಳಿಯಲಿಲ್ಲ.

ಅವ್ವನಿಗೆ ಕಸೂತಿ ವ್ಯಾಪಾರದ ಮಾತಾಗಿರಲಿಲ್ಲ. ಮಗಳ ಮದುವೆಗೆಂದು, ತಂಗಿಯ ಸೀಮಂತಕ್ಕೆಂದು, ಕೂಸಿನ ಕುಂಚಿಗೆಗೆಂದು ಮಧ್ಯಾಹ್ನದ ಹೊತ್ತು ಪಡಸಾಲೆಯ ಬೆಳಕಿನಲ್ಲಿ ಕೂತು ಹಾಕುತ್ತಿದ್ದಳು. ಒಂದು ಸೆರಗಿಗೆ ಎಷ್ಟು ದಿನ ಹಿಡಿಯಿತೆಂದು ಯಾರೂ ಕೇಳುತ್ತಿರಲಿಲ್ಲ. ಕೊಡುವವಳೂ ತೆಗೆದುಕೊಳ್ಳುವವಳೂ ಒಂದೇ ಮನೆತನದವರಾದಾಗ ಗಳಿಗೆಯ ಲೆಕ್ಕಕ್ಕೆ ಅರ್ಥವಿಲ್ಲ. ಆ ಕೆಲಸವೇ ಪೇಟೆಗೆ ಹೋದಾಗ ಲೆಕ್ಕವಿಲ್ಲದೆ ನಡೆಯುವುದಿಲ್ಲ ಎಂಬುದನ್ನು ನಾನು ಕಲಿತದ್ದು ನನ್ನ ತಂಗಿಯಿಂದ. ಅದೂ ಕಾಲೇಜಿನಿಂದ ನಿವೃತ್ತನಾಗಿ ಊರಿಗೆ ಬಂದ ಮೇಲೆ.

ತಂಗಿಯು ಓಣಿಯ ಐವರು ಹೆಂಗಸರನ್ನು ಕೂಡಿಸಿಕೊಂಡು ಕಸೂತಿಯ ಸಣ್ಣ ಉದ್ಯೋಗವೊಂದನ್ನು ಆರಂಭಿಸಿದ್ದಳು. ಸೀರೆ, ಖಣದ ಕುಪ್ಪಸ, ಕೈಚೀಲ, ದಿಂಬಿನ ಹೊದಿಕೆ. ಕೈಗಳು ಚೆನ್ನಾಗಿದ್ದವು, ಆದರೆ ಏನು ಮಾಡಬೇಕೆಂಬುದೇ ಅವರಿಗೆ ತಿಳಿದಿರಲಿಲ್ಲ. ಹಳೆಯ ಆನೆ, ತೇರುಗಳನ್ನೇ ಮಾಡಿದರೆ ‘ಇವೇ ಎಲ್ಲ ಕಡೆ ಸಿಗುತ್ತವಲ್ಲ’ ಎನ್ನುವ ಗಿರಾಕಿ. ಹೊಸದು ಮಾಡೋಣವೆಂದರೆ ಯಾವುದು ಹೊಸದು? ಆಗ ನಗರದ ವ್ಯಾಪಾರಿಯೊಬ್ಬರು ಗುಲಾಬಿಯ ಬಳ್ಳಿಯ ಚಿತ್ರವೊಂದನ್ನು ಕೊಟ್ಟು, ಇದನ್ನು ಚೀಲದ ಮೇಲೆ ತೆಗೆದುಕೊಡಿರೆಂದರು. ನಾನೂ ಸುಮ್ಮನಿರಲಿಲ್ಲ. ಮೂವತ್ತು ವರ್ಷ ಕನ್ನಡ ಕಲಿಸಿದವನಲ್ಲವೆ? ಕನ್ನಡದ ಅಕ್ಷರಗಳನ್ನೇ ಕಸೂತಿಯಲ್ಲಿ ಹಾಕಿರಿ, ಇದು ಯಾರಿಗೂ ಹೊಳೆಯದ ಮಾತು ಎಂದು ಹುಮ್ಮಸ್ಸಿನಿಂದ ಅಕಾರ ಕಕಾರಗಳನ್ನು ದೊಡ್ಡದಾಗಿ ಬರೆದುಕೊಟ್ಟೆ.

ಗುಲಾಬಿಯ ಬಳ್ಳಿ ಮುರಿದ ಬೇಲಿಯಂತೆ ಬಂದಿತು. ಚೀಲಗಳು ಹೆಚ್ಚಿನವು ಮರಳಿ ಬಂದವು. ನನ್ನ ಅಕಾರವಂತೂ ಅಕ್ಷರವೆಂದು ಗುರುತೇ ಸಿಗದಂತೆ ಮೂಲೆಮೂಲೆಯಾಗಿ ಕೂತಿತು. ತಂಗಿ ನಗಲಿಲ್ಲ, ಹಾಳೆಯನ್ನು ನನ್ನ ಮುಂದಿಟ್ಟು ಇಷ್ಟೇ ಅಂದಳು: “ಅಕ್ಷರ ದುಂಡಗ ಅದಾವ ಅಣ್ಣಾ, ಎಳಿ ದುಂಡಗ ಹೋಗೂದಿಲ್ಲ.”

ಈ ಮಾತಿನಲ್ಲಿ ಕಸೂತಿಯ ವ್ಯಾಕರಣವೆಲ್ಲ ಅಡಗಿದೆ. ಎಣಿಸಿ ಹಾಕುವ ಹೊಲಿಗೆಗೆ ಅಡ್ಡ, ಉದ್ದ, ಓರೆ, ಮೆಟ್ಟಿಲು ಇಷ್ಟೇ ದಾರಿಗಳು. ಇನ್ನೊಂದು ಕಟ್ಟುಪಾಡೂ ಉಂಟು. ಗವಂತಿಯಲ್ಲಿ ಚಿತ್ರದ ಎಲ್ಲ ಗೆರೆಗಳೂ ಒಂದಕ್ಕೊಂದು ಕೂಡಿರಬೇಕು. ಬೇರೆಯಾಗಿ ನಿಂತ ಒಂದು ಚುಕ್ಕೆಯನ್ನು ಮುಟ್ಟಬೇಕಾದರೆ ದಾರವು ಹಿಂಬದಿಯಲ್ಲಿ ಜಿಗಿಯಬೇಕಾಗುತ್ತದೆ. ಆ ಜಿಗಿತದ ಗುರುತು ಹಿಂದೆ ಉಳಿದು ಎರಡು ಮಗ್ಗುಲಿನ ಸಮತೆ ಕೆಡುತ್ತದೆ.

ಗಣಿತ ಬಲ್ಲ ನನ್ನ ಸ್ನೇಹಿತರೊಬ್ಬರು ಇದನ್ನು ಕೇಳಿ ಒಂದು ಹಳೆಯ ಕತೆ ಹೇಳಿದರು. ಕೋನಿಗ್ಸ್‌ಬರ್ಗ್ ಎಂಬ ಊರಿನಲ್ಲಿ ಏಳು ಸೇತುವೆಗಳಿದ್ದವು. ಪ್ರತಿಯೊಂದನ್ನೂ ಒಂದೇ ಸಲ ದಾಟಿ ಊರೆಲ್ಲ ಸುತ್ತಿ ಬರಬಹುದೆ ಎಂಬುದು ಅಲ್ಲಿನವರ ಒಗಟು. ಬರಲಾಗದೆಂದು ಹದಿನೆಂಟನೆಯ ಶತಮಾನದಲ್ಲಿ ಆಯ್ಲರ್ ಎಂಬ ಗಣಿತಜ್ಞ ತೋರಿಸಿಕೊಟ್ಟ. ಆದರೆ ಪ್ರತಿ ಸೇತುವೆಯನ್ನು ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ದಾಟಬಹುದೆಂದರೆ ಎಷ್ಟೇ ಸೇತುವೆಗಳಿರಲಿ, ಅವು ಕೂಡಿಕೊಂಡಿದ್ದರೆ ಸಾಕು, ಹೊರಟಲ್ಲಿಗೆ ಮರಳಿ ಬರಲು ಸಾಧ್ಯ. ಗವಂತಿಯವಳು ಮಾಡುವುದು ಇದನ್ನೇ. ಪ್ರತಿ ಗೆರೆಯನ್ನೂ ಎರಡು ಸಲ ನಡೆದು ಆರಂಭಿಸಿದ ಬಿಂದುವಿಗೆ ಬರುತ್ತಾಳೆ, ಆದ್ದರಿಂದಲೇ ಗಂಟಿಲ್ಲದೆ ಮುಗಿಸುತ್ತಾಳೆ. ಎಲ್ಲಿ ಕವಲೊಡೆಯಬೇಕು, ಯಾವ ಕವಲನ್ನು ಮೊದಲು ಮುಗಿಸಿ ಮರಳಬೇಕು ಎಂಬುದನ್ನು ಸೂಜಿ ಹಿಡಿಯುವ ಮೊದಲೇ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿರುತ್ತಾಳೆ.

ಹೀಗಾಗಿ ಹೊಸತನ್ನು ಹೊರಗಿನ ಚಿತ್ರಗಳಲ್ಲಿ ಹುಡುಕುವುದು ನಿಂತಿತು. ಒಂದು ದಿನ ಅವ್ವನ ಸೀರೆಯನ್ನು ಹಾಸಿ, ಆರು ಜನ ಹೆಂಗಸರೂ ನಾನೂ ಸುತ್ತ ಕೂತು, ಒಂದು ಹಳೆಯ ಕಾವ್ಯವನ್ನು ಓದುವಂತೆ ಅದನ್ನು ಓದಿದೆವು. ಆಗ ನನಗೆ ಹೊಳೆದದ್ದು ಇದು: ನಾವು ಸಂಪ್ರದಾಯವೆಂದು ಕರೆಯುವ ತೇರು, ವೃಂದಾವನ, ತೊಟ್ಟಿಲುಗಳು ಅದನ್ನು ಹಾಕಿದವರಿಗೆ ಸಂಪ್ರದಾಯವಾಗಿರಲಿಲ್ಲ. ಅವು ಅಂಗಳದಲ್ಲಿ, ಜಾತ್ರೆಯಲ್ಲಿ, ಪಡಸಾಲೆಯಲ್ಲಿ ದಿನವೂ ಕಂಡ ವಸ್ತುಗಳು. ಕಂಡದ್ದರಲ್ಲಿ ಯಾವುದು ಎಳೆಯ ಎಣಿಕೆಗೆ ಒಗ್ಗುತ್ತದೆಯೋ ಅದನ್ನು ಆರಿಸಿಕೊಂಡರು. ಗೋಪುರ ಒಗ್ಗಿತು, ಏಕೆಂದರೆ ಗೋಪುರವೇ ಮೆಟ್ಟಿಲು. ಆನೆಯ ಬೆನ್ನು ದುಂಡಾಗಿದ್ದರೂ ಅದನ್ನು ಮೂರು ಮೆಟ್ಟಿಲುಗಳಲ್ಲಿ ಇಳಿಸಿ, ದುಂಡು ನೋಡುವವರ ಕಣ್ಣಿನಲ್ಲಿ ಮೂಡುವಂತೆ ಮಾಡಿದರು.

ಹಾಗಾದರೆ ಇಂದಿನ ಅಂಕಲಗಿಯಲ್ಲಿ ದಿನವೂ ಕಾಣುವುದೇನು? ಆ ಆರು ಜನರಲ್ಲಿ ಎಲ್ಲರಿಗಿಂತ ಚಿಕ್ಕವಳು ಕೂಡಲೆ ಅಂದಳು: “ಕಬ್ಬು.” ಎಲ್ಲರೂ ನಕ್ಕರು. ಕಬ್ಬಿನ ಗದ್ದೆಗಳ ನಡುವೆ ಬದುಕುವವರಿಗೆ ಅದು ಚಿತ್ರವಾಗಿ ಕಂಡಿರಲೇ ಇಲ್ಲ. ಆದರೆ ಚೌಕುಳಿ ಹಾಳೆಯಲ್ಲಿ ಹಾಕಿ ನೋಡಿದಾಗ ಕಬ್ಬು ಕಸೂತಿಗೆಂದೇ ಹುಟ್ಟಿದಂತಿತ್ತು. ನೆಟ್ಟಗಿನ ಜಲ್ಲೆ, ಸಮ ಅಂತರದ ಗಣಿಕೆಗಳು, ಓರೆಯಾಗಿ ಹೊರಡುವ ಗರಿ. ಎಲ್ಲವೂ ಕೂಡಿಕೊಂಡೇ ಇವೆ, ಎಲ್ಲಿಯೂ ದಾರ ಜಿಗಿಯಬೇಕಾಗಿಲ್ಲ. ಅದು ಸರಿಯಾಗಿ ಕೂರಲು ಹಲವು ವಾರಗಳೇ ಬೇಕಾದವು. ಗರಿಯು ಮೊದಮೊದಲು ಕತ್ತಿಯಂತೆ ಕಾಣುತ್ತಿತ್ತು. ಕೊನೆಗೆ ಜಲ್ಲೆಗೆ ಗವಂತಿ, ಗರಿಗೆ ಮುರ್ಗಿ ಎಂದು ಗೊತ್ತಾಯಿತು. ಬಣ್ಣ ಮಾತ್ರ ಅವ್ವನ ಸೀರೆಯದೇ. ಕಪ್ಪು ಮೈಮೇಲೆ ಕೆಂಪು, ಹಸಿರು, ಕಿತ್ತಳೆ.

ಸಂಡೂರಿನ ಲಂಬಾಣಿ ಹೆಂಗಸರ ಕೆಲಸದಲ್ಲಿಯೂ ಇದೇ ಪಾಠವನ್ನು ಕಾಣಬಹುದು. ಅಲ್ಲಿಯ ಕುಶಲ ಕಲಾ ಕೇಂದ್ರದಲ್ಲಿ ಅವರ ಉಡುಪಿನ ಕಸೂತಿಯು ಚೀಲ, ಹೊದಿಕೆಗಳ ಮೇಲೆ ಬಂದಿತು. ವಸ್ತು ಬದಲಾಯಿತು, ಹೊಲಿಗೆಯ ಜಾತಿ ಬದಲಾಗಲಿಲ್ಲ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಹೊಲಿದ 1,755 ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು.

ಚಿತ್ರದ ದಾರಿ ಸಿಕ್ಕಿತು; ಹಣದ ದಾರಿ ಇನ್ನೂ ಸಿಕ್ಕಿರಲಿಲ್ಲ. ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ಒಂದು ಕೈಚೀಲವನ್ನೇ ತೆಗೆದುಕೊಳ್ಳೋಣ. ಬಟ್ಟೆಗೆ 90 ರೂಪಾಯಿ, ದಾರಕ್ಕೆ 40, ದರ್ಜಿಗೆ 60, ಒಟ್ಟು 190. ವ್ಯಾಪಾರಿಗೆ ಅದನ್ನು 500 ರೂಪಾಯಿಗೆ ಕೊಡುತ್ತಿದ್ದರು. ಉಳಿದ 310 ಲಾಭವೆಂದೇ ಎಲ್ಲರೂ ತಿಳಿದಿದ್ದರು. ಕಸೂತಿಗೆ ಎಷ್ಟು ತಾಸು ಹಿಡಿಯಿತೆಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಗಡಿಯಾರವಿಟ್ಟು ನೋಡಿದಾಗ ಒಂಬತ್ತು ತಾಸು ಆಯಿತು. ಅಂದರೆ ತಾಸಿಗೆ 34 ರೂಪಾಯಿ. ಅದರಲ್ಲಿಯೇ ಬಸ್ಸಿನ ಖರ್ಚು, ಮರಳಿ ಬಂದ ಚೀಲಗಳ ನಷ್ಟ. ಲಾಭವೆಂದು ಅವರು ಎಣಿಸುತ್ತಿದ್ದದ್ದು ಅವರದೇ ಕೂಲಿಯಾಗಿತ್ತು. ಅದೂ ಪೂರ್ತಿ ಕೂಲಿಯಲ್ಲ.

ಆ ಸಂಜೆ ತಂಗಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಎಳಿ ಎಣಿಸಾಕ ಅವ್ವ ಕಲಿಸಿದಳು, ತಾಸು ಎಣಿಸಾಕ ಯಾರೂ ಕಲಿಸಲಿಲ್ಲ” ಅಂದಳು. ಒಂದು ಎಳೆ ತಪ್ಪಿದರೆ ಸಾಲೆಲ್ಲ ಬಿಚ್ಚುವ ಹೆಣ್ಣುಮಕ್ಕಳು ಒಂಬತ್ತು ತಾಸು ತಪ್ಪಿದ್ದನ್ನು ಕಾಣದೆ ಹೋಗಿದ್ದರು. ಮನೆಗೆಲಸದ ಬಿಡುವಿನಲ್ಲಿ ಮಾಡಿದ್ದಕ್ಕೆ ಬೆಲೆಯೇನು ಎಂದು ನಾವೆಲ್ಲರೂ, ನಾನೂ ಸೇರಿ, ಅವರಿಗೆ ಹೇಳುತ್ತ ಬಂದವರಲ್ಲವೆ?

ಅಂದಿನಿಂದ ಮೊದಲು ತಾಸು ಬರೆದು, ಅದಕ್ಕೆ ಕೂಲಿ ಹಿಡಿದು, ಆಮೇಲೆ ಬೆಲೆ ಕಟ್ಟುವ ಪದ್ಧತಿ ಬಂದಿತು. ತಾಸಿಗೆ 50 ರೂಪಾಯಿ ಹಿಡಿದರೂ ಆ ಚೀಲಕ್ಕೆ 640 ಆಗುತ್ತದೆ. ಆ ಬೆಲೆಗೆ ಹಳೆಯ ವ್ಯಾಪಾರಿ ಒಪ್ಪಲಿಲ್ಲ. ಆಗ ಚಿತ್ರದ ವಿಚಾರವೇ ಲೆಕ್ಕಕ್ಕೆ ನೆರವಾಯಿತು. ಚೀಲದ ತುಂಬ ಹಾಕುವ ಬದಲು ಅಂಚಿಗೆ ಮಾತ್ರ ಕಬ್ಬಿನ ಸಾಲು ಹಾಕಿದರು. ನಾಲ್ಕು ತಾಸಿನ ಕೆಲಸ. ಕೂಲಿ 200, ಉಳಿದದ್ದು 190. 390ಕ್ಕೆ ಅಸಲು ಮುಟ್ಟಿತು, 500ಕ್ಕೆ ಮಾರಿದರೆ ನಿಜವಾದ ಲಾಭ ಉಳಿಯಿತು. ಖಾಲಿ ಬಿಟ್ಟ ಕಪ್ಪು ಬಟ್ಟೆಯಿಂದ ಅಂಚು ಇನ್ನೂ ಎದ್ದು ಕಂಡಿತು. ಸೀರೆಯ ದೊಡ್ಡ ಕೆಲಸವನ್ನು ಬೇಡಿಕೆ ಬಂದಾಗ, ಮುಂಗಡ ಪಡೆದು ಮಾತ್ರ ಮಾಡುತ್ತಾರೆ. ಎಳೆ ಎಣಿಸಲು ಬಾರದ ನಯವಾದ ರೇಷ್ಮೆಯಾದರೆ ಮೇಲೆ ಕ್ಯಾನ್ವಾಸ್ ಬಟ್ಟೆ ಕಚ್ಚಾ ಹೊಲಿದು, ಅದರ ಮನೆಗಳನ್ನು ಎಣಿಸಿ ಹಾಕಿ, ಮುಗಿದ ಮೇಲೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಬೇಕು. ಆ ಎಳೆಯುವ ತಾಸುಗಳನ್ನೂ ಈಗ ಬರೆಯುತ್ತಾರೆ. ಕಪ್ಪು ಬಟ್ಟೆಯ ಕೆಲಸ ದೀಪದ ಬೆಳಕಿನಲ್ಲಿ ಬೇಡವೆಂದೂ ಗೊತ್ತುಮಾಡಿಕೊಂಡಿದ್ದಾರೆ, ಕಣ್ಣೂ ಬಂಡವಾಳವೇ.

ಯಂತ್ರದ ಮಾತನ್ನೂ ಹೇಳಬೇಕು. ಕಸೂತಿಯಂತೆ ಕಾಣುವ ಯಂತ್ರದ ಕೆಲಸ ಇಂದು ಅಗ್ಗವಾಗಿ ಸಿಗುತ್ತದೆ. ಕಸೂತಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಹೆಸರಿನಲ್ಲಿ ಅದು ದಾಖಲಾಗಿದೆ. ಕೆಲಸಗಾರರು ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವುಂಟು. ಆದರೆ ಕಾನೂನು ಹೆಸರನ್ನು ಕಾಯಬಹುದು. ಗಿರಾಕಿಯ ಕಣ್ಣನ್ನು ತಿದ್ದುವ ಕೆಲಸ ಮಾರುವವರದೇ. ತಂಗಿ ಈಗ ಯಾರು ಬಂದರೂ ಮೊದಲು ಬಟ್ಟೆಯನ್ನು ತಿರುವಿ ಹಿಂಬದಿ ತೋರಿಸುತ್ತಾಳೆ. ಗವಂತಿಯಾದರೆ ಹಿಂದೆಯೂ ಅದೇ ಚಿತ್ರ, ಗಂಟಿಲ್ಲ. ತಿರುವಿ ನೋಡಿದವರು ಬೆಲೆಯ ಬಗ್ಗೆ ಚೌಕಾಶಿ ಮಾಡುವುದು ಕಡಿಮೆ ಎಂದು ಅವಳ ಅನುಭವ.

ಇವರು ಶ್ರೀಮಂತರಾದರೆಂದು ನಾನು ಹೇಳುತ್ತಿಲ್ಲ. ಒಬ್ಬಳು ಬೇರೆ ಕೆಲಸಕ್ಕೆ ಹೋದಳು. ಮಳೆಗಾಲದಲ್ಲಿ ಬೇಡಿಕೆ ಬತ್ತುತ್ತದೆ. ಆದರೆ ಉಳಿದವರು ತಮ್ಮ ಕೂಲಿಯನ್ನು ತಾವೇ ತಿನ್ನುತ್ತಿಲ್ಲ. ಇಂಥ ಕೆಲಸ ಹಿಡಿಯಬೇಕೆಂದಿರುವ ಸೋದರಿಯರು ಕೇಳುತ್ತಿದ್ದರೆ ನನ್ನ ಸಲಹೆ ಇಷ್ಟೇ: ಮೊದಲ ವಸ್ತುವನ್ನು ಮಾಡುವಾಗಲೇ ಗಡಿಯಾರವನ್ನು ಪಕ್ಕಕ್ಕಿಟ್ಟುಕೊಳ್ಳಿರಿ, ಚಿತ್ರ ಬೇಕಾದಾಗ ಪೇಟೆಯನ್ನು ನೋಡುವ ಮೊದಲು ನಿಮ್ಮ ಹೊಲ, ನಿಮ್ಮ ಅಂಗಳ, ನಿಮ್ಮ ತಾಯಿಯ ಟ್ರಂಕು ನೋಡಿರಿ, ಹೊಲಿಗೆ ಒಲ್ಲೆನೆಂದದ್ದನ್ನು ಎಂಥ ಪ್ರಾಧ್ಯಾಪಕ ಹೇಳಿದರೂ ಮಾಡಬೇಡಿರಿ.

ತಂಗಿಯ ಬಳಿ ಒಂದು ಚೌಕುಳಿ ಪುಸ್ತಕವಿದೆ. ಎಡದ ಪುಟದಲ್ಲಿ ಚಿತ್ರ, ಎಳೆಗಳ ಎಣಿಕೆ. ಬಲದ ಪುಟದಲ್ಲಿ ಹೊಲಿದವಳ ಹೆಸರು, ಹಿಡಿದ ತಾಸು, ಕೊಟ್ಟ ಕೂಲಿ. ಅವ್ವನ ಚಂದ್ರಕಾಳಿ ಸೀರೆಯ ಆನೆಯೂ ಆ ಪುಸ್ತಕದಲ್ಲಿ ಸೇರಿದೆ. ಅದರ ಎದುರಿನ ಪುಟದಲ್ಲಿ ತಂಗಿ ಅವ್ವನ ಹೆಸರು ಬರೆದು, ತಾಸಿನ ಕಾಲಮನ್ನು ಹಾಗೆಯೇ ಖಾಲಿ ಬಿಟ್ಟಿದ್ದಾಳೆ.