ಹಿಮಾಲಯದ ಕಾಲುನಡೆಯೂ ಎತ್ತರದ ಬೇನೆಯೂ

ನಮ್ಮ ಶಾಲೆಯಲ್ಲಿ ಕಲಿತು ಹೋದ ಹೆಣ್ಣುಮಕ್ಕಳಲ್ಲಿ ಕೆಲವರು ಈಚಿನ ವರುಷಗಳಲ್ಲಿ ಬೆನ್ನಿಗೆ ಚೀಲ ಕಟ್ಟಿಕೊಂಡು ನೇಪಾಳ ದೇಶದ ಪರ್ವತಪ್ರಾಂತಗಳಿಗೆ ಹೋಗಿಬರುತ್ತಿರುವರು. ಹಿಂದಿರುಗಿದ ಮೇಲೆ ನಮ್ಮನ್ನು ಕಾಣಲು ಬಂದು ತೂಗುಸೇತುವೆಗಳ ಮತ್ತು ಹಿಮಶಿಖರಗಳ ಚಿತ್ರಗಳನ್ನು ತೋರಿಸುವರು. ಅವರ ತಾಯಂದಿರಾದರೋ ಮಗಳು ಹೊರಡುವ ಮುಂಚೆಯೇ ಬರುವರು. "ಕಳುಹಿಸಬಹುದೇ, ಅಮ್ಮನವರೇ?" ಎಂದು ಕೇಳುವರು. ಚಳಿಯ ಭಯ, ಜಾರಿ ಬೀಳುವ ಭಯ, ಅನ್ನವು ಸೇರದೆಂಬ ಭಯ ಇವುಗಳನ್ನೆಲ್ಲ ಎಣಿಸಿ ಹೇಳುವರು. ಆದರೆ ಎಲ್ಲಕ್ಕಿಂತ ಮೊದಲು ವಿಚಾರಿಸತಕ್ಕ ಮಾತೊಂದುಂಟು. ಅದನ್ನು ಕೇಳುವವರು ಅಪರೂಪ. ಅದೇನಂದರೆ, ಹುಡುಗಿಯು ಆ ಎತ್ತರವನ್ನು ಎಷ್ಟು ರಾತ್ರಿಗಳಲ್ಲಿ ಮುಟ್ಟುವಳು? ಈ ಪ್ರಶ್ನೆಯ ಮೇಲೆ ಪ್ರಾಣವೇ ನಿಂತಿರುವದರಿಂದ ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ತಿಳಿಸುವೆವು.

ನಮ್ಮವರು ಹೆಚ್ಚಾಗಿ ಹಿಡಿಯುವದು ಖುಂಬು ಪ್ರಾಂತದ ದಾರಿಯನ್ನು. ಲುಕ್ಲಾ ಎಂಬ ಹಳ್ಳಿಯಲ್ಲಿ ವಿಮಾನದಿಂದ ಇಳಿದು, ಎವರೆಸ್ಟ್ ಶಿಖರದ ಬುಡದಲ್ಲಿರುವ ಮೂಲಶಿಬಿರದ ವರೆಗೆ ನಡೆದು ಹೋಗುವದು ಆ ಯಾತ್ರೆಯ ಕ್ರಮ. ದೂರವು ಸುಮಾರು 40 ಮೈಲಿ ಮಾತ್ರ. ಬಯಲುನಾಡಿನಲ್ಲಿ ಗಟ್ಟಿಮುಟ್ಟಾದ ಹುಡುಗಿಯೊಬ್ಬಳು ಮೂರು ದಿವಸಗಳಲ್ಲಿ ಅಷ್ಟು ದೂರ ನಡೆದಾಳು. ಅಲ್ಲಿ ಎಂಟು ದಿವಸ ಬೇಕು. ಕಾರಣವನ್ನು ಎತ್ತರದ ಲೆಕ್ಕವೇ ಹೇಳುವದು. ನಮ್ಮ ಕರ್ನಾಟಕದಲ್ಲಿ ಎಲ್ಲಕ್ಕೂ ಎತ್ತರವಾದ ಮುಳ್ಳಯ್ಯನಗಿರಿಯು ಸುಮಾರು 6,300 ಅಡಿ. ನಡಿಗೆಯು ಆರಂಭವಾಗುವ ಲುಕ್ಲಾ ಹಳ್ಳಿಯೇ 9,300 ಅಡಿಗೆ ಮಿಕ್ಕಿದ್ದು. ಶೆರ್ಪಾ ಜನರ ಸಂತೆಯೂರಾದ ನಾಮ್ಚೆಯು 11,300 ಅಡಿ, ಡಿಂಗ್‌ಬೊಚೆಯು ಸುಮಾರು 14,500 ಅಡಿ, ಮೂಲಶಿಬಿರವು 17,600 ಅಡಿ. ಅಷ್ಟು ಕಷ್ಟಪಟ್ಟು ಮೂಲಶಿಬಿರವನ್ನು ಮುಟ್ಟಿದವರಿಗೆ ಅಲ್ಲಿಂದ ಎವರೆಸ್ಟಿನ ತುದಿಯು ಕಾಣುವದಿಲ್ಲವೆಂಬದು ವಿನೋದವೇ ಸರಿ. ಅಡ್ಡವಾಗಿ ನಿಂತ ಬೆಟ್ಟಗಳು ಅದನ್ನು ಮರೆಮಾಡುವವು. ಆದಕಾರಣ ಜನರು ಪಕ್ಕದ ಕಾಲಾಪತ್ಥರ್ ಎಂಬ ಕರಿಯ ದಿಬ್ಬವನ್ನು ಹತ್ತಿ ಅದನ್ನು ನೋಡುವರು.

ಹಿಂದಿನ ಕಾಲದಲ್ಲಿ ಪ್ರವಾಸಿಗಳು ಕಠ್ಮಂಡುವಿನ ಕಡೆಯಿಂದ ಕಾಲುನಡೆಯಾಗಿಯೇ ಬಂದು, ರಾತ್ರಿ ಡೇರೆಗಳಲ್ಲಿ ಮಲಗುತ್ತಿದ್ದರು. 1964ರಲ್ಲಿ ಲುಕ್ಲಾದಲ್ಲಿ ವಿಮಾನ ಇಳಿಯುವ ಬಯಲು ಸಿದ್ಧವಾಯಿತು. ಅದರ ಮೂಲ ಉದ್ದೇಶವು ಪ್ರವಾಸಿಗಳ ಸೌಕರ್ಯವಲ್ಲ. 1953ರಲ್ಲಿ ತೇನ್‌ಸಿಂಗರೊಡನೆ ಎವರೆಸ್ಟನ್ನು ಏರಿದ ಎಡ್ಮಂಡ್ ಹಿಲರಿಯವರು ಶೆರ್ಪಾ ಜನರಿಗಾಗಿ ಶಾಲೆ ಆಸ್ಪತ್ರೆಗಳನ್ನು ಕಟ್ಟಿಸುತ್ತಿದ್ದರು. ಆ ಸಾಮಗ್ರಿಯನ್ನು ತರಲು ಅದು ಬೇಕಾಯಿತು. 1961ರಲ್ಲಿ ಖುಮ್‌ಜುಂಗ್ ಹಳ್ಳಿಯಲ್ಲಿ ತೆರೆದ ಶಾಲೆಯು ಇಂದಿಗೂ ನಡೆಯುತ್ತಿರುವದು. ಸುಮಾರು 12,400 ಅಡಿ ಎತ್ತರದಲ್ಲಿ ಮಕ್ಕಳು ಓಡಿ ಆಡುವದನ್ನು ಕಂಡು, ನಾಲ್ಕು ಮೆಟ್ಟಿಲು ಹತ್ತಿ ಏದುತ್ತಿದ್ದ ನಾವು ಮೂವರು ಉಪಾಧ್ಯಾಯಿನಿಯರು ಬಹಳ ಹೊತ್ತು ಅಲ್ಲಿಯೇ ನಿಂತಿದ್ದೆವು. ಈಗ ದಾರಿಯುದ್ದಕ್ಕೂ ಛತ್ರಗಳುಂಟಾಗಿ, ಡೇರೆ ಹೊರುವ ಅಗತ್ಯವು ಬಹುಮಟ್ಟಿಗೆ ತಪ್ಪಿದೆ. ಆದರೆ ವಿಮಾನದ ಅನುಕೂಲದ ಜೊತೆಯಲ್ಲಿ ಅಪಾಯವೂ ಬಂದಿತು. ನಡೆದು ಬಂದವನಿಗೆ ದೇಹವು ದಿನದಿನಕ್ಕೆ ಹೊಂದಿಕೊಳ್ಳುತ್ತಿತ್ತು. ಹಾರಿ ಬಂದವನಿಗೆ ಆ ಅವಕಾಶವು ದೊರೆಯುವದಿಲ್ಲ.

ಮೇಲೆ ಹೋದ ಹಾಗೆ ಗಾಳಿಯಲ್ಲಿ ಪ್ರಾಣವಾಯುವಿನ ಪಾಲು ಕಡಿಮೆಯಾಗುವದೆಂದು ಅನೇಕರು ತಿಳಿದಿರುವರು. ಅದು ಸರಿಯಲ್ಲ. ಸಮುದ್ರತೀರದಲ್ಲಿಯೂ ಶಿಖರದಲ್ಲಿಯೂ ಗಾಳಿಯ ನೂರು ಪಾಲಿನಲ್ಲಿ ಸುಮಾರು 21 ಪಾಲು ಪ್ರಾಣವಾಯುವೇ. ಕಡಿಮೆಯಾಗುವದು ಗಾಳಿಯ ಒತ್ತಡ. ಹತ್ತಿಯ ರಾಶಿಯಲ್ಲಿ ಅಡಿಯ ಹತ್ತಿಯು ಮೇಲಿನ ಭಾರದಿಂದ ಒತ್ತಿಕೊಂಡು ಗಟ್ಟಿಯಾಗಿದ್ದು, ಮೇಲಿನದು ಸಡಿಲವಾಗಿರುವಂತೆ, ತಗ್ಗಿನ ಗಾಳಿಯು ದಟ್ಟ, ಮೇಲಿನದು ತೆಳ್ಳಗೆ. ಸುಮಾರು 18,000 ಅಡಿಯಲ್ಲಿ ಆ ಒತ್ತಡವು ಅರ್ಧಕ್ಕೆ ಇಳಿದಿರುವದು. ಆದ್ದರಿಂದ ಒಂದು ಉಸಿರಿನಲ್ಲಿ ಮಂಗಳೂರಿನಲ್ಲಿ ದೊರೆಯುವ ಪ್ರಾಣವಾಯುವಿನ ಅರ್ಧ ಮಾತ್ರ ಮೂಲಶಿಬಿರದಲ್ಲಿ ದೊರೆಯುವದು.

ಈ ಕೊರತೆಯನ್ನು ತುಂಬಿಕೊಳ್ಳುವ ಶಕ್ತಿಯು ದೇಹಕ್ಕುಂಟು. ಆದರೆ ಕಾಲ ಬೇಕು. ಮೊದಲು ಉಸಿರಾಟವು ವೇಗವಾಗುವದು. ವೇಗವಾಗಿ ಉಸಿರಾಡಿದರೆ ಅಂಗಾರಾಮ್ಲವಾಯುವು ಅತಿಯಾಗಿ ಹೊರಗೆ ಹೋಗಿ ರಕ್ತದ ಗುಣವು ಕ್ಷಾರದ ಕಡೆಗೆ ತಿರುಗುವದು. ಆಗ ದೇಹವೇ ಉಸಿರಾಟಕ್ಕೆ ತಡೆ ಹಾಕಲು ನೋಡುವದು. ರಾತ್ರಿ ಮಲಗಿದವರ ಉಸಿರು ನಡುನಡುವೆ ನಿಂತು, ಒಮ್ಮೆಲೇ ದೊಡ್ಡದಾಗಿ ಎಳೆದುಕೊಳ್ಳುವದಕ್ಕೆ ಇದೇ ಕಾರಣ. ಪಕ್ಕದಲ್ಲಿ ಮಲಗಿದವರಿಗೆ ಎದೆ ನಡುಗುವದುಂಟು. ಮೂತ್ರಪಿಂಡಗಳು ಕೆಲವು ದಿವಸಗಳಲ್ಲಿ ಆ ಕ್ಷಾರವನ್ನು ಹೊರಗೆ ಹಾಕಿ ಲೆಕ್ಕವನ್ನು ಸರಿಮಾಡುವವು. ರಕ್ತದ ಕೆಂಪುಕಣಗಳು ಹೆಚ್ಚುವದಕ್ಕಾದರೋ ವಾರಗಳೇ ಬೇಕು. ಈ ಕೆಲಸಗಳಲ್ಲಿ ಯಾವದನ್ನೂ ಧೈರ್ಯದಿಂದಾಗಲಿ ಹಟದಿಂದಾಗಲಿ ಬೇಗ ಮಾಡಿಸುವ ಉಪಾಯವಿಲ್ಲ. ಆಟದಲ್ಲಿ ಬಹುಮಾನ ಪಡೆದ ಹುಡುಗಿಗೆ ಇದರಲ್ಲಿ ವಿಶೇಷ ರಿಯಾಯಿತಿಯೂ ಇಲ್ಲ. ಚುರುಕುಕಾಲಿನವಳು ಬೇಗ ಮೇಲೇರುವದರಿಂದ ಬೇನೆಗೆ ಬೇಗ ಸಿಕ್ಕುವದೂ ಉಂಟು.

ಆದ್ದರಿಂದ 10,000 ಅಡಿಯ ಮೇಲೆ, ಇಂದು ಮಲಗಿದ ಸ್ಥಳಕ್ಕಿಂತ ನಾಳೆ ಮಲಗುವ ಸ್ಥಳವು ಸುಮಾರು 1,600 ಅಡಿಗಿಂತ ಹೆಚ್ಚು ಎತ್ತರವಾಗಿರಬಾರದೆಂದೂ, ಮೂರು ನಾಲ್ಕು ದಿವಸಗಳಿಗೊಮ್ಮೆ ಒಂದೇ ಊರಲ್ಲಿ ಎರಡು ರಾತ್ರಿ ತಂಗಬೇಕೆಂದೂ ವೈದ್ಯರು ವಿಧಿಸಿರುವರು. ನಾಮ್ಚೆಯಲ್ಲಿಯೂ ಡಿಂಗ್‌ಬೊಚೆಯಲ್ಲಿಯೂ ಹೀಗೆ ತಂಗುವದು ವಾಡಿಕೆ. ತಂಗಿದ ದಿವಸ ಮಲಗಿಯೇ ಇರಬೇಕೆಂದಲ್ಲ. ಹಗಲಲ್ಲಿ ಹತ್ತಿರದ ಗುಡ್ಡವನ್ನು ಏರಿ, ಸಂಜೆಗೆ ಇಳಿದು ಬಂದು ಮಲಗುವದು ಒಳ್ಳೇದು.

ಈ ಕ್ರಮವನ್ನು ಮೀರಿದರೆ ಬರುವದನ್ನು ನೇಪಾಳಿಗಳು "ಲೇಖ್ ಲಾಗ್ನು" ಎನ್ನುವರು. ಎತ್ತರದ ಪ್ರದೇಶವು ತಗಲಿತು ಎಂಬರ್ಥ. ಮೊದಲನೆಯ ಮೆಟ್ಟಿಲು ತಲೆನೋವು. ಅದರೊಡನೆ ಓಕರಿಕೆ, ಊಟ ಬೇಡವಾಗುವದು, ತಲೆ ತಿರುಗುವದು, ಅತಿ ಆಯಾಸ. ಇಷ್ಟರಲ್ಲಿಯೇ ಮೇಲಕ್ಕೆ ಹೋಗದೆ ನಿಂತರೆ ಒಂದೆರಡು ದಿವಸಗಳಲ್ಲಿ ವಾಸಿಯಾಗುವದುಂಟು. ನಿಲ್ಲದೆ ಏರಿದವರಲ್ಲಿ ಕೆಲವರಿಗೆ ಮೆದುಳಿನಲ್ಲಿ ನೀರು ತುಂಬಿ ಊತವುಂಟಾಗುವದು. ಆಗ ಮಾತು ತೊದಲುವದು, ಬುದ್ಧಿ ಮಂಕಾಗುವದು, ಕುಡಿದವರಂತೆ ಹೆಜ್ಜೆ ತಪ್ಪುವದು. ಬೇರೆ ಕೆಲವರಿಗೆ ಶ್ವಾಸಕೋಶದಲ್ಲಿ ನೀರು ಸೇರುವದು. ಸುಮ್ಮನೆ ಕುಳಿತಾಗಲೂ ಉಬ್ಬಸ, ಕೆಮ್ಮು, ಕಡೆಗೆ ನಸುಗೆಂಪಾದ ನೊರೆ. ಇವೆರಡರಲ್ಲಿ ಯಾವದೇ ಬಂದರೂ ಬೆಳಗಾಗುವ ವರೆಗೆ ಕಾದಿರಬಾರದು. ರಾತ್ರಿಯಾದರೂ ಕೆಳಗೆ ಇಳಿಸಬೇಕು. ಪ್ರಾಣವಾಯುವನ್ನು ಕೊಡುವದು, ರೋಗಿಯನ್ನು ಗಾಳಿ ತುಂಬುವ ಚೀಲದೊಳಗೆ ಮಲಗಿಸಿ ಒತ್ತಡವನ್ನು ಹೆಚ್ಚಿಸುವದು, ಔಷಧಗಳು, ಇವೆಲ್ಲ ಇಳಿಯುವದಕ್ಕೆ ಸಹಾಯಕಗಳೇ ಹೊರತು ಅದಕ್ಕೆ ಬದಲಲ್ಲ. ಸಾವಿರದಿಂದ ಮೂರು ಸಾವಿರ ಅಡಿ ಇಳಿದರೆ ಸಾಮಾನ್ಯವಾಗಿ ಗುಣವು ಕಾಣಿಸುವದು.

ಈ ಬೇನೆಯ ಅರಿವು ಹೊಸದಲ್ಲ. ಪೆರು ದೇಶದ ಪರ್ವತಗಳನ್ನು ದಾಟಿದ ಹೋಸೆ ದೆ ಅಕೋಸ್ತಾ ಎಂಬ ಸ್ಪೇನ್ ದೇಶದ ಪಾದ್ರಿಯು 1590ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತನಗಾದ ವಾಂತಿಯನ್ನೂ ಸಂಕಟವನ್ನೂ ವರ್ಣಿಸಿ, ಅಲ್ಲಿಯ ಗಾಳಿಯು ಅತಿ ಸೂಕ್ಷ್ಮವಾದದ್ದೇ ಕಾರಣವೆಂದು ಊಹಿಸಿದನು. ಪ್ರಾಣವಾಯುವಿನ ಒತ್ತಡ ಕುಗ್ಗುವದೇ ಕಾರಣವೆಂದು ಪ್ರಯೋಗಗಳಿಂದ ತೋರಿಸಿ 1878ರಲ್ಲಿ ಗ್ರಂಥ ಬರೆದವರು ಫ್ರಾನ್ಸ್ ದೇಶದ ಪಾಲ್ ಬೆರ್ತ್ ಎಂಬ ಪಂಡಿತರು. ಅದಕ್ಕೆ ಮೂರು ವರುಷ ಮುಂಚೆ, 1875ರಲ್ಲಿ, ಮೂವರು ಫ್ರೆಂಚರು ಜೆನಿತ್ ಎಂಬ ಬೆಲೂನಿನಲ್ಲಿ 26,000 ಅಡಿಗೂ ಮೇಲೆ ಏರಿದ್ದರು. ಪ್ರಾಣವಾಯುವಿನ ಚೀಲಗಳು ಜೊತೆಯಲ್ಲಿಯೇ ಇದ್ದವು. ಬೇಕೆನಿಸಿದಾಗ ಕೈಯೆತ್ತಲು ಶಕ್ತಿಯಿರಲಿಲ್ಲ. ಇಬ್ಬರು ತೀರಿಹೋದರು. ಉಳಿದ ತಿಸಾಂದಿಯೆ ಎಂಬವರು, ಆ ಎತ್ತರದಲ್ಲಿ ಸಂಕಟವು ತೋರದೆ ಒಂದು ಬಗೆಯ ಆನಂದವೇ ತೋರಿತೆಂದು ಬರೆದರು. ಈ ಸಂಗತಿಯನ್ನು ನಾವು ವಿದ್ಯಾರ್ಥಿನಿಯರಿಗೆ ತಪ್ಪದೆ ಹೇಳುವೆವು. ಪ್ರಾಣವಾಯು ಕುಗ್ಗಿದಾಗ ವಿವೇಕವೂ ಕುಗ್ಗುವದಾದ್ದರಿಂದ, ಕಾಯಿಲೆಯವಳ "ನನಗೇನೂ ಇಲ್ಲ" ಎಂಬ ಮಾತನ್ನು ಪ್ರಮಾಣವಾಗಿ ಹಿಡಿಯಲಾಗದು.

ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುವದು. ತನ್ನಿಂದ ಇತರರಿಗೆ ತೊಂದರೆಯಾಗಬಾರದೆಂದು ನೋವನ್ನು ನುಂಗಿಕೊಳ್ಳುವದನ್ನು ಅವರಿಗೆ ಮನೆಯಲ್ಲಿ ಸದ್ಗುಣವೆಂದು ಕಲಿಸಿರುವೆವು. ಶಾಲೆಯಲ್ಲಿಯೂ ಅದನ್ನೇ ಹೊಗಳಿರುವೆವು. ಡಿಂಗ್‌ಬೊಚೆಯ ಛತ್ರದಲ್ಲಿ ನಾವು ತಂಗಿದ್ದಾಗ ಬೇರೊಂದು ತಂಡದ ತರುಣಿಯೊಬ್ಬಳು ಊಟವನ್ನು ಮುಟ್ಟದೆ ಮೂಲೆಯಲ್ಲಿ ಕುಳಿತಿದ್ದಳು. ಎರಡು ದಿವಸಗಳಿಂದ ತಲೆ ಸಿಡಿಯುತ್ತಿದ್ದರೂ ಹೇಳಿರಲಿಲ್ಲ. ಜೊತೆಯವರು ದಣಿವೆಂದು ಬಗೆದಿದ್ದರು. ಛತ್ರದ ಯಜಮಾನಿಯಾದ ಶೆರ್ಪಾ ಹೆಂಗಸು (ಅಲ್ಲಿ ಅವರನ್ನು ಎಲ್ಲರೂ ದಿದಿ, ಅಂದರೆ ಅಕ್ಕ, ಎಂದು ಕರೆಯುವರು) ಅವಳನ್ನು ಎಬ್ಬಿಸಿ, ನೆಲದ ಹಲಗೆಯ ಸಂದಿನ ಗೆರೆಯನ್ನು ತೋರಿಸಿ, ಹಿಮ್ಮಡಿಗೆ ಬೆರಳು ತಾಗಿಸಿ ನಡೆಯೆಂದರು. ನಾಲ್ಕನೆಯ ಹೆಜ್ಜೆಗೆ ಹುಡುಗಿಯು ಪಕ್ಕಕ್ಕೆ ಒರಗಿದಳು. ದಿದಿ ಮತ್ತೇನೂ ಕೇಳಲಿಲ್ಲ. ಅರ್ಧ ಗಳಿಗೆಯೊಳಗೆ ಇಬ್ಬರು ಆಳುಗಳು ದೀಪ ಹಿಡಿದು ಅವಳನ್ನು ದಿಣ್ಣೆಯಾಚೆಯ ಫೆರಿಚೆಗೆ ವೈದ್ಯರ ಬಳಿಗೆ ಕರೆದುಕೊಂಡು ಹೊರಟರು. ಅಲ್ಲಿಂದ ಪ್ರಾಣವಾಯುವಿನ ಸಹಾಯದಿಂದ ಇನ್ನೂ ಕೆಳಗೆ ಇಳಿಸಿದರು. ನಾವು ಹಿಂದಿರುಗುವಾಗ ನಾಮ್ಚೆಯಲ್ಲಿ ಆಕೆಯು ಬೇಯಿಸಿದ ಆಲೂಗೆಡ್ಡೆಯನ್ನು ಉಪ್ಪುಖಾರದೊಡನೆ ತಿನ್ನುತ್ತಿದ್ದಳು.

ಫೆರಿಚೆಯ ಆ ಚಿಕಿತ್ಸಾಲಯವು 1973ರಲ್ಲಿ ಸ್ಥಾಪಿತವಾದ ಹಿಮಾಲಯ ರಕ್ಷಣಾಸಂಘದ್ದು. ಯಾತ್ರೆಯ ಋತುಗಳಲ್ಲಿ ವೈದ್ಯರು ಅಲ್ಲಿದ್ದು, ದಾರಿಹೋಕರಿಗೆ ಈ ಬೇನೆಯನ್ನು ಕುರಿತು ಉಪನ್ಯಾಸವನ್ನೂ ಮಾಡುವರು. 1976ರಲ್ಲಿ ಪ್ರಕಟವಾದ ಅಲ್ಲಿಯ ಒಂದು ಪರಿಶೋಧನೆಯಲ್ಲಿ 278 ಮಂದಿ ಪಾದಚಾರಿಗಳನ್ನು ವಿಚಾರಿಸಲು, ಅರ್ಧಕ್ಕಿಂತ ಹೆಚ್ಚಿನವರಿಗೆ ಬೇನೆಯ ಲಕ್ಷಣಗಳಿದ್ದವು. ಲುಕ್ಲಾಕ್ಕೆ ಹಾರಿ ಬಂದವರಲ್ಲಿ ಅದು ಇನ್ನೂ ಹೆಚ್ಚು. ಅಸಿಟಜೋಲಮೈಡ್ ಎಂಬ ಗುಳಿಗೆಯು ಬೇನೆಯನ್ನು ತಡೆಯಲು ನೆರವಾಗುವದು ನಿಜ. ಆದರೆ ಎಲ್ಲರ ಮೈಗೂ ಒಗ್ಗದಾದ್ದರಿಂದ ಊರಿನಲ್ಲಿಯೇ ವೈದ್ಯರನ್ನು ಕೇಳಬೇಕು. ನಿದ್ದೆಯ ಗುಳಿಗೆಯನ್ನಂತೂ ತಾವಾಗಿಯೇ ನುಂಗಬಾರದು. ಕೈಲಾಸ-ಮಾನಸಸರೋವರದ ಯಾತ್ರೆಗೆ ಹೋಗುವ ನಮ್ಮ ನಾಡಿನ ಹಿರಿಯರಿಗೂ ಈ ಮಾತುಗಳೇ ಅನ್ವಯಿಸುವವು. ಅಲ್ಲಿಯ ಡೋಲ್ಮಾ ಕಣಿವೆಯು 18,000 ಅಡಿಗೆ ಮೇಲ್ಪಟ್ಟದ್ದು.

ಹೊರೆಯಾಳುಗಳ ವಿಷಯವನ್ನು ಹೇಳದೆ ಬಿಡಲು ಮನಸ್ಸು ಬಾರದು. ಡೋಕೋ ಎಂಬ ಬುಟ್ಟಿಯನ್ನು ಹಣೆಪಟ್ಟಿಯಿಂದ ಎಳೆದು ಹಿಡಿದು ಅವರು ಹೊರುವ ಭಾರವು ನಂಬಲಾಗದಷ್ಟು. ನಾಮ್ಚೆಯ ಸಂತೆಗೆ ಸರಕು ಹೊರುವವರನ್ನು ತೂಗಿ ನೋಡಿದ ವಿಜ್ಞಾನಿಗಳು, ಗಂಡಸರು ಸರಾಸರಿಯಲ್ಲಿ ತಮ್ಮ ಮೈತೂಕದ ನೂರಕ್ಕೆ 93ರಷ್ಟನ್ನೂ ಹೆಂಗಸರು 66ರಷ್ಟನ್ನೂ ಹೊರುವರೆಂದು 2005ರಲ್ಲಿ ತಿಳಿಸಿದರು. ಶೆರ್ಪಾ ಜನರ ದೇಹವು ತಲೆತಲಾಂತರದಿಂದ ಆ ಎತ್ತರಕ್ಕೆ ಒಗ್ಗಿದ್ದು. ಆದರೆ ಹೊರೆಯಾಳುಗಳಲ್ಲಿ ಅನೇಕರು ತಗ್ಗಿನ ಕಣಿವೆಗಳಿಂದ ಕೂಲಿಗೆ ಬಂದ ಬೇರೆ ಜನಾಂಗದವರು. ಎತ್ತರವು ಅವರಿಗೂ ನಮಗೆ ತಗಲುವಂತೆಯೇ ತಗಲುವದು. ಕೂಲಿ ತಪ್ಪೀತೆಂದು ಅವರೂ ತಲೆನೋವನ್ನು ಮರೆಮಾಡುವರು. ಕಾಯಿಲೆಯಾದವನಿಗೆ ಹಣ ಎಣಿಸಿ ಕೊಟ್ಟು ಒಬ್ಬಂಟಿಗನಾಗಿ ಕೆಳಗೆ ಕಳುಹಿಸುವ ಪದ್ಧತಿಯಿಂದ ಪ್ರಾಣನಷ್ಟಗಳಾಗಿರುವವು. ಹಾಗೆ ಇಳಿಯುವವನ ಸಂಗಡ ಅವನ ಭಾಷೆ ಬಲ್ಲ ಒಬ್ಬನು ಹೋಗಬೇಕು. ಅವನಿಗೂ ಬೆಚ್ಚನೆಯ ಬಟ್ಟೆ, ರಾತ್ರಿ ಮಲಗಲು ಸ್ಥಳವುಂಟೋ ಎಂದು ಪ್ರವಾಸಿಯೇ ಕೇಳಿ ನೋಡಬೇಕು.

ಈಗ ತಾಯಂದಿರ ಪ್ರಶ್ನೆಗೆ ಬರೋಣ. ಮಗಳನ್ನು ಕಳುಹಿಸಿರಿ. ಆದರೆ ಪ್ರವಾಸದ ಏರ್ಪಾಡು ಮಾಡುವವರು ಕೊಟ್ಟ ದಿನಚರಿಯ ಕಾಗದವನ್ನು ತರಿಸಿ ಓದಿರಿ. ಲುಕ್ಲಾದಿಂದ ಮೂಲಶಿಬಿರಕ್ಕೆ ಐದಾರು ದಿವಸಗಳೆಂದು ಬರೆದಿದ್ದರೆ, ಬೆಲೆಯು ಎಷ್ಟೇ ಅಗ್ಗವಾಗಿದ್ದರೂ ಹಣ ಕಟ್ಟಬೇಡಿರಿ. ಮಂಜು ಕವಿದರೆ ಲುಕ್ಲಾದಲ್ಲಿ ದಿನಗಟ್ಟಲೆ ವಿಮಾನವು ಇಳಿಯುವದಿಲ್ಲ. ಕೆಲಸಕ್ಕೆ ಹಾಜರಾಗುವ ದಿವಸವನ್ನು ಅಂಟಿಸಿಯೇ ಹಿಂದಿರುಗುವ ಟಿಕೀಟನ್ನು ಕೊಂಡವಳು ಮೇಲೆ ತಲೆನೋವು ಬಂದರೂ ನಿಲ್ಲಲಾರಳು. ಆದಕಾರಣ ಕಡೆಯಲ್ಲಿ ಎರಡು ಮೂರು ದಿವಸಗಳನ್ನು ಖಾಲಿಯಾಗಿ ಬಿಟ್ಟಿರಬೇಕು. ಚೀಲದಲ್ಲಿ ಉಣ್ಣೆಯ ಟೋಪಿ, ಕೈಗವಸು, ಮಳೆ ತಡೆಯುವ ಅಂಗಿ, ಹಿಮದ ಬೆಳಕಿಗೆ ಕರಿಕನ್ನಡಕ, ಮುಂಚೆಯೇ ಊರಿನಲ್ಲಿ ತಿಂಗಳು ಹಾಕಿ ನಡೆದು ಪಳಗಿಸಿದ ಬೂಟು, ಇಷ್ಟಿದ್ದರೆ ಮಿಕ್ಕದ್ದು ನಾಮ್ಚೆಯಲ್ಲಿ ದೊರೆಯುವದು. ಇಕ್ಕಟ್ಟಿನ ದಾರಿಯಲ್ಲಿ ಚಮರೀಮೃಗಗಳು ಹೊರೆಯೊಡನೆ ಎದುರಾದರೆ ಕಣಿವೆಯ ಅಂಚಿಗೆ ಸರಿಯದೆ ಬೆಟ್ಟದ ಗೋಡೆಗೆ ಒತ್ತಿ ನಿಲ್ಲಬೇಕೆಂದೂ ಹೇಳಿ ಕಳುಹಿಸಿರಿ.